ಉಪಗ್ರಹದ ಚಂದಾದಾರನೂ ಊರಿನ ವಾಹಿನಿಯೂ: ಪ್ರಸಾರನಿಯಮಗಳ ವಿಧಿವಿಚಾರ

ಬೆಂಗಳೂರಿನ ಪಶ್ಚಿಮಭಾಗದ ಜನಕ್ಕೆ ‘ಸ್ಯಾಟಲೈಟ್’ ಎಂಬ ಆಂಗ್ಲಶಬ್ದವು ಆಕಾಶವನ್ನು ನೋಡುವುದಕ್ಕೆ ಮೊದಲೇ ಪರಿಚಿತವಾಗಿರುತ್ತದೆ. ಮೈಸೂರು ರಸ್ತೆಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸುಗಳು ಹೊರಡುವ ನಿಲ್ದಾಣಕ್ಕೆ ‘ಸ್ಯಾಟಲೈಟ್’ ಎಂದೇ ಹೆಸರು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಕೆಂಗೇರಿಯ ‘ಸ್ಯಾಟಲೈಟ್ ಟೌನ್’, ಕನ್ನಡದಲ್ಲಿ ಉಪನಗರ, ಸಿಕ್ಕುತ್ತದೆ. ಈ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಪದಕ್ಕೆ ದೊರೆಯ ಹಿಂದೆಮುಂದೆ ನಡೆಯುವ ಅನುಚರನೆಂದು ಅರ್ಥ. ನಗರದ ಅನುಚರವು ಉಪನಗರವಾದಂತೆ ಗ್ರಹದ ಅನುಚರವು ಉಪಗ್ರಹವಾಯಿತು. ಉಪಗ್ರಹವೆಂಬ ನಮ್ಮ ಪದವಾದರೋ ಜ್ಯೋತಿಷದಲ್ಲಿ ಧೂಮ, ಗುಳಿಕ ಮೊದಲಾದ, ಕಣ್ಣಿಗೆ ಕಾಣದ ಬಿಂದುಗಳಿಗೆ ಹಿಂದಿನಿಂದಲೂ ಸಲ್ಲುತ್ತಿದ್ದುದು. ಈಗ ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ತಿರುಗುತ್ತ, ನೋಡುವವನ ಪಾಲಿಗೆ ನಿಂತಲ್ಲೇ ನಿಂತಿರುವ ಯಂತ್ರಕ್ಕೂ ಅದೇ ಹೆಸರು ಬಂದಿದೆ. ಅರ್ಥವು ಬದಲಾಯಿತಾದರೂ, ಕಣ್ಣಿಗೆ ಬೀಳದೆ ಮನೆಯೊಳಗಿನ ವ್ಯವಹಾರವನ್ನು ನಡೆಸುವ ಹಳೆಯ ಗುಣವು ಬಿಟ್ಟುಹೋಗಿಲ್ಲವೆನ್ನಬಹುದು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಾಳಿಗೆಗಳ ಮೇಲೆ ಆಗ್ನೇಯದ ಕಡೆಗೆ ಮುಖಮಾಡಿ ನಿಂತಿರುವ ಡಿಶ್ಶುಗಳು ಈ ಯಂತ್ರದಿಂದ ಇಳಿಯುವ ತರಂಗಗಳನ್ನು ಹಿಡಿಯತಕ್ಕವು. ಅದೇ ಬೀದಿಯ ಕಂಬಗಳಿಂದ ಕಂಬಗಳಿಗೆ ಕೇಬಲ್ಲೂ ಹಾದುಹೋಗಿರುತ್ತದೆ. ಎದುರುಬದುರಾಗಿರುವ ಎರಡು ಮನೆಗಳಲ್ಲಿ ಒಂದು ಕೇಬಲ್ಲಿಗೂ ಇನ್ನೊಂದು ಡಿಶ್ಶಿಗೂ ಚಂದಾ ಕೊಡುವುದೆಂದು ಇಟ್ಟುಕೊಳ್ಳೋಣ. ಕೇಬಲ್ಲಿನ ಮನೆಯವರಿಗೆ ತಮ್ಮ ಬಡಾವಣೆಯ ರಥೋತ್ಸವ, ರಾಜ್ಯೋತ್ಸವದ ಮೆರವಣಿಗೆ, ನೀರು ಬಾರದಿರುವ ದಿನದ ಪ್ರಕಟನೆ ಇವುಗಳನ್ನು ತೋರಿಸುವ ಸ್ಥಳೀಯ ವಾಹಿನಿಯೊಂದು ದೊರೆಯಬಹುದು. ಡಿಶ್ಶಿನ ಮನೆಯವರಿಗೆ ಅಸ್ಸಾಮಿಯೂ ಒಡಿಯಾವೂ ಬೇಕೆಂದರೆ ಬರುವುವು. ತಮ್ಮ ಬೀದಿಯ ರಥ ಮಾತ್ರ ಬಾರದು. ದೂರದ್ದು ಕಂಡು ಹತ್ತಿರದ್ದು ಕಾಣದಿರುವ ಈ ವೈಪರೀತ್ಯವು ಯಂತ್ರದ ದೋಷವೋ, ಶಾಸನದ ವಿಧಿಯೋ, ಅಥವಾ ವಿಧಿಯ ಅಭಾವವೋ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ವಿಧಿಗಳ ಸ್ವರೂಪವನ್ನು ನಿರ್ಣಯಿಸುವುದಕ್ಕೆ ಪೂರ್ವಮೀಮಾಂಸಕರು ಮಾಡಿರುವ ವಿಭಾಗಕ್ಕಿಂತ ಸೂಕ್ಷ್ಮವಾದುದು ದೊರೆಯುವುದು ಕಷ್ಟ. ಬೇರೆ ಯಾವ ಪ್ರಮಾಣದಿಂದಲೂ ತಿಳಿಯದುದನ್ನು ಹೊಸದಾಗಿ ವಿಧಿಸುವುದು ಅಪೂರ್ವವಿಧಿ. ಯಾಗಕ್ಕೆ ತಂದ ಬತ್ತಕ್ಕೆ ಪ್ರೋಕ್ಷಣೆಮಾಡಬೇಕೆಂಬುದು ಇದಕ್ಕೆ ಉದಾಹರಣೆ. ಒಂದು ಪಕ್ಷದಲ್ಲಿ ಪ್ರಾಪ್ತವಾಗಿ ಇನ್ನೊಂದು ಪಕ್ಷದಲ್ಲಿ ತಪ್ಪಿಹೋಗಬಹುದಾದುದನ್ನು ತಪ್ಪದಂತೆ ಕಟ್ಟುವುದು ನಿಯಮವಿಧಿ. ಬತ್ತದ ಹೊಟ್ಟನ್ನು ಕುಟ್ಟಿಯೂ ತೆಗೆಯಬಹುದು, ಉಗುರಿನಿಂದ ಸುಲಿದೂ ತೆಗೆಯಬಹುದು. ಕುಟ್ಟಿಯೇ ತೆಗೆಯಬೇಕೆಂದರೆ ಅದು ನಿಯಮ. ಎರಡೂ ಏಕಕಾಲದಲ್ಲಿ ಪ್ರಾಪ್ತವಾಗಿರುವಲ್ಲಿ ಒಂದನ್ನು ಹೊರಗಿಡುವುದು ಪರಿಸಂಖ್ಯೆ. ಐದು ಉಗುರುಗಳ ಪ್ರಾಣಿಗಳಲ್ಲಿ ಇಂಥ ಐದೇ ಭಕ್ಷ್ಯವೆಂಬ ಪ್ರಸಿದ್ಧವಾದ ವಿಧಿಯು ಮಿಕ್ಕವನ್ನು ತಿನ್ನಬಾರದೆಂಬುದರಲ್ಲಿ ಮಾತ್ರ ಸಾರ್ಥಕವಾಗುತ್ತದೆ. ಅಲಂಕಾರಶಾಸ್ತ್ರವನ್ನು ಪಾಠಹೇಳುವವರಿಗೆ ಈ ಮೂರನೆಯದು ಬೇರೆ ದಾರಿಯಿಂದಲೂ ಪರಿಚಿತವೇ. ಆ ಪಟ್ಟಣದಲ್ಲಿ ಬಂಧನವೆಂಬುದು ಮುಡಿಗೆ ಮಾತ್ರ ಇದ್ದಿತು ಎಂಬ ಬಗೆಯ ಪುರವರ್ಣನೆಗಳಲ್ಲಿ ಬರುವ ಪರಿಸಂಖ್ಯಾಲಂಕಾರವು ಇದರ ಮಗುವೇ ಆಗಿದೆ.

ಇನ್ನು ಇತಿಹಾಸವನ್ನು ಸಂಕ್ಷೇಪವಾಗಿ ನೋಡಬೇಕು. ಕನ್ನಡನಾಡಿಗೆ ದೂರದರ್ಶನವು ನೆಲದ ಗೋಪುರಕ್ಕಿಂತ ಮುಂಚೆ ಉಪಗ್ರಹದಿಂದಲೇ ಬಂದಿತೆಂಬುದನ್ನು ಈಗಿನವರು ಮರೆತಿರುವಂತಿದೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಬೋಧಪ್ರದವಾದ ಚಿತ್ರಪ್ರಸಾರವು ನಡೆಯಿತು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾಗಿದ್ದುವು. ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸುವ ಸೌಕರ್ಯವು ಆ ಉಪಗ್ರಹದಲ್ಲಿ ಇದ್ದಿತು. ಒಂದೇ ಬಿಂಬ, ಎರಡು ಭಾಷೆ: ಯಾವ ಊರಿಗೆ ಯಾವ ನುಡಿ ಎಂಬ ಪ್ರಶ್ನೆಯು ಮೊದಲ ದಿನದಿಂದಲೂ ಈ ಯಂತ್ರದ ಜೊತೆಯಲ್ಲಿಯೇ ಹುಟ್ಟಿತೆಂಬುದು ಗಮನಾರ್ಹ. ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದುದು ೧೯೮೧ರ ನವೆಂಬರ್ ೧ರಂದು, ಅಂದರೆ ರಾಜ್ಯೋತ್ಸವದ ದಿನ. ಗೋಪುರದ ತರಂಗಕ್ಕೆ ಒಂದು ಸುತ್ತಳತೆಯಿದ್ದುದರಿಂದ ಊರಿನ ವಾಹಿನಿಯೆಂದರೇನೆಂಬುದಕ್ಕೆ ಆಗ ಲಕ್ಷಣವನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ; ತರಂಗವು ಎಲ್ಲಿ ಸೋಲುತ್ತದೆಯೋ ಅಲ್ಲಿಗೆ ಊರು ಮುಗಿಯುತ್ತಿತ್ತು. ಅಂಥ ಹಳೆಯ ಗೋಪುರಗಳಲ್ಲಿ ಸುಮಾರು ೫೦ನ್ನು ಬಿಟ್ಟು ಮಿಕ್ಕವನ್ನೆಲ್ಲ ೨೦೨೨ರ ಮಾರ್ಚ್ ಕೊನೆಯೊಳಗೆ ನಿಲ್ಲಿಸುವುದಾಗಿ ಪ್ರಸಾರಭಾರತಿಯು ಪ್ರಕಟಿಸಿತು. ಹೀಗೆ ಪ್ರಕೃತಿಯೇ ಹಾಕಿದ್ದ ಗಡಿಯು ಅಳಿದುಹೋಗಿ, ಶಾಸನವು ಹಾಕುವ ಗಡಿಯೊಂದೇ ಉಳಿದಿದೆ.

೧೯೯೦ರ ದಶಕದ ಮೊದಲಲ್ಲಿ ಬಡಾವಣೆಗಳ ಯುವಕರು ದೊಡ್ಡ ತಟ್ಟೆಯೊಂದನ್ನು ನೆಟ್ಟು ಮನೆಮನೆಗೆ ತಂತಿಯೆಳೆದು ಕೇಬಲ್ ವ್ಯಾಪಾರವನ್ನು ಪ್ರಾರಂಭಿಸಿದರು. ೧೯೯೪ರ ಜೂನ್ ತಿಂಗಳಿನಲ್ಲಿ ಉದಯ ಟಿ.ವಿ. ಹುಟ್ಟಿದಮೇಲೆ ಕನ್ನಡಕ್ಕೆ ಖಾಸಗಿ ಉಪಗ್ರಹವಾಹಿನಿಯೂ ಒದಗಿತು. ಈ ವ್ಯಾಪಾರವನ್ನು ಕಟ್ಟಿಗೆ ತಂದುದು ೧೯೯೫ರ ಕೇಬಲ್ ದೂರದರ್ಶನ ಜಾಲಗಳ (ನಿಯಂತ್ರಣ) ಅಧಿನಿಯಮ. ಕೇಬಲ್ಲಿನವನು ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿದ್ದುದು ತನ್ನ ಪ್ರದೇಶದ ಪ್ರಧಾನ ಅಂಚೆ ಕಚೇರಿಯಲ್ಲಿ! ಕಾಗದಗಳನ್ನು ಹಂಚುವ ಇಲಾಖೆಯೇ ಬಿಂಬಗಳನ್ನು ಹಂಚುವವನಿಗೂ ಮುದ್ರೆಯೊತ್ತುತ್ತಿತ್ತು. ೨೦೨೫ರ ಜನವರಿಯಲ್ಲಿ ಮಾಡಿದ ತಿದ್ದುಪಡಿಯಿಂದ ಈ ಕೆಲಸವು ಕೇಂದ್ರ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೆ ಹೋಯಿತು.

ಆ ಅಧಿನಿಯಮದ ೮ನೆಯ ಪ್ರಕರಣವೇ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ೧೯೯೫ರ ಪಾಠದಲ್ಲಿ, ಕೇಬಲ್ಲಿನವನು ದೂರದರ್ಶನದ ಎರಡು ವಾಹಿನಿಗಳನ್ನಾದರೂ, ತನಗೆ ಇಷ್ಟವಾದುವನ್ನು ಆರಿಸಿಕೊಂಡು, ಪುನಃಪ್ರಸಾರಮಾಡತಕ್ಕದ್ದು ಎಂದಿತ್ತು. ೨೦೦೦ದ ತಿದ್ದುಪಡಿಯಲ್ಲಿ ಇದು ಬದಲಾಯಿತು: ದೂರದರ್ಶನದ ನೆಲದ ವಾಹಿನಿಗಳು ಕನಿಷ್ಠ ಎರಡು, ಮತ್ತು ಒಂದು ರಾಜ್ಯದ ಪ್ರಾದೇಶಿಕ ಭಾಷೆಯ ವಾಹಿನಿ ಒಂದು, ಇವು ಪ್ರಧಾನ ಪಟ್ಟಿಯಲ್ಲಿ, ಅಂದರೆ ಹಳೆಯ ಪೆಟ್ಟಿಗೆಗಳಲ್ಲಿಯೂ ಸ್ಪಷ್ಟವಾಗಿ ಕಾಣುವ ಮೊದಲ ಸ್ಥಾನಗಳಲ್ಲಿ, ಇರತಕ್ಕದ್ದು, ಅವುಗಳ ಕಾರ್ಯಕ್ರಮವನ್ನು ಕತ್ತರಿಸಲೂ ಬದಲಿಸಲೂ ಕೂಡದು. ಇದು ಮೂರು ಬಗೆಯ ವಿಧಿಗಳಲ್ಲಿ ಯಾವುದು? ಕೇಬಲ್ಲಿನವನು ದೂರದರ್ಶನವನ್ನು ತಾನಾಗಿಯೇ ತೋರಿಸಿದರೂ ತೋರಿಸಬಹುದಾಗಿತ್ತು, ಬಿಟ್ಟರೂ ಬಿಡಬಹುದಾಗಿತ್ತು; ಪಾಕ್ಷಿಕವಾಗಿ ಪ್ರಾಪ್ತವಾದುದನ್ನು ನಿತ್ಯವಾಗಿ ಕಟ್ಟಿದ್ದರಿಂದ ಇದು ನಿಯಮವಿಧಿಯೇ ಹೊರತು ಅಪೂರ್ವವಿಧಿಯಲ್ಲ. ಪರಿಸಂಖ್ಯೆಯಂತೂ ಅಲ್ಲವೇ ಅಲ್ಲ. ಏಕೆಂದರೆ ಮಿಕ್ಕ ವಾಹಿನಿಗಳನ್ನು ತೋರಿಸಬಾರದೆಂಬ ಭಾವವು ಇದರಲ್ಲಿ ಲೇಶಮಾತ್ರವೂ ಇಲ್ಲ.

ಆದರೆ ‘ಒಂದು ರಾಜ್ಯದ’ ಎಂಬ ಪದದಲ್ಲಿ ತೊಡಕಿದೆ. ಆಂಗ್ಲಪಾಠದಲ್ಲಿರುವುದು ಅನಿಶ್ಚಿತಾರ್ಥಕವಾದ ಏಕವಚನ. ‘ಆ ರಾಜ್ಯದ’ ಎಂದು ಇಲ್ಲ. ರಾಜಾಜಿನಗರದಲ್ಲಿ ಈ ಭೇದದಿಂದ ಫಲವೇನೂ ಇರದು, ಅಲ್ಲಿಯ ಕೇಬಲ್ಲಿನವನು ಚಂದನವನ್ನೇ ತೋರಿಸುವನು. ಕಾಸರಗೋಡಿನಲ್ಲಿ ಫಲವುಂಟು. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿಹೋದ ಆ ಕನ್ನಡ ಸೀಮೆಯಲ್ಲಿ ಪ್ರಾದೇಶಿಕ ಭಾಷೆಯ ವಾಹಿನಿಯೆಂದರೆ ಮಲೆಯಾಳದ್ದೋ ಕನ್ನಡದ್ದೋ? ಅಕ್ಷರವನ್ನು ಹಿಡಿದರೆ ಎರಡರಲ್ಲಿ ಯಾವುದನ್ನು ತೋರಿಸಿದರೂ ವಿಧಿಯು ಪೂರ್ಣವಾಗುತ್ತದೆ. ತಾತ್ಪರ್ಯವನ್ನು ಹಿಡಿದರೆ ನೋಡುವವನ ರಾಜ್ಯದ್ದೆಂದು ತೋರುತ್ತದೆ. ಅಂದರೆ ಅಕ್ಷರವು ಕನ್ನಡಿಗನಿಗೆ ಅವಕಾಶವನ್ನು ಕೊಟ್ಟು ತಾತ್ಪರ್ಯವು ಅದನ್ನು ಕಿತ್ತುಕೊಳ್ಳುತ್ತದೆ. ನೋಡುವವನ ಭಾಷೆಯೆಂಬ ಮೂರನೆಯ ಪಕ್ಷವನ್ನು ಶಾಸನಕರ್ತರು ಆಲೋಚಿಸಿದಂತೆ ಕಾಣುವುದಿಲ್ಲ. ೨೦೧೧ರ ತಿದ್ದುಪಡಿಯು ಈ ಸಂದಿಗ್ಧವನ್ನು ಬೇರೆ ರೀತಿಯಲ್ಲಿ ನಿವಾರಿಸಿತು. ಕಡ್ಡಾಯವಾದ ವಾಹಿನಿಗಳ ಹೆಸರುಗಳನ್ನು ಕೇಂದ್ರ ಸರ್ಕಾರವೇ ಪ್ರಕಟನೆಯಿಂದ ನಿರ್ದೇಶಿಸಬಹುದೆಂದಾಯಿತು; ೨೦೧೩ರಲ್ಲಿ ಹೊರಟ ಪಟ್ಟಿಯಲ್ಲಿ ಲೋಕಸಭೆ ರಾಜ್ಯಸಭೆಗಳ ವಾಹಿನಿಗಳೂ ದೂರದರ್ಶನದ ನಾನಾ ಭಾಷೆಗಳ ವಾಹಿನಿಗಳೂ ಒಟ್ಟಿಗೆ ಸೇರಿದುವು. ಈಗ ಕಾಸರಗೋಡಿನ ಮನೆಯಲ್ಲಿ ಡಿಶ್ಶಿರಲಿ ಕೇಬಲ್ಲಿರಲಿ, ಚಂದನವು ಕೃಪೆಯಿಂದಲ್ಲದೆ ಹಕ್ಕಿನಿಂದ ಬರುತ್ತದೆ. ೨೦೦೨ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಎಂಬ ಪ್ರಶ್ನೋತ್ತರದಲ್ಲಿ ಗೆದ್ದವರಿಗೆ ಪುಸ್ತಕಗಳೇ ಬಹುಮಾನ. ಅಂಥದೊಂದು ಕಾರ್ಯಕ್ರಮವು ಗಡಿಯಾಚೆಯ ಕನ್ನಡ ಶಾಲೆಯ ಮಕ್ಕಳಿಗೆ ತಪ್ಪದೆ ದೊರೆಯುವಂತಾದುದು ಈ ಶುಷ್ಕವಾದ ಪಟ್ಟಿಯ ಫಲವೆಂಬುದನ್ನು ಅಧ್ಯಾಪಕರು ಅರಿತಿರುವುದು ಒಳ್ಳೆಯದು.

ಡಿಶ್ಶಿನ ವ್ಯವಹಾರವು ಈ ಅಧಿನಿಯಮದ ಒಳಗೆ ಹುಟ್ಟಿದುದಲ್ಲ. ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಘದ ವ್ಯಾಜ್ಯದಲ್ಲಿ, ತೀರ್ಪುಕೊಟ್ಟಿತು. ಶಬ್ದವು ಆಕಾಶದ ಗುಣವೆಂದು ಓದಿಕೊಂಡ ತಾರ್ಕಿಕರಿಗೆ ಆಕಾಶವು ಸ್ವತ್ತಾದುದು ಆಶ್ಚರ್ಯವೆನಿಸಬಹುದು. ಆದರೆ ಎಲ್ಲರದಾದ ಸ್ವತ್ತನ್ನು ಕಾಯುವವನೊಬ್ಬನು ಬೇಕೆಂಬುದರಿಂದಲೇ ಪರವಾನಗಿಯ ವ್ಯವಸ್ಥೆಯು ಸಿದ್ಧವಾಗುತ್ತದೆ. ಚಿಕ್ಕ ಡಿಶ್ಶಿಗೆ ನೇರವಾಗಿ ಪ್ರಸಾರಮಾಡುವುದನ್ನು ೧೯೯೭ರಲ್ಲಿ ಸರ್ಕಾರವು ನಿಷೇಧಿಸಿ, ೨೦೦೦ದ ನವೆಂಬರಿನಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡು, ೨೦೦೧ರ ಮಾರ್ಚಿಯಲ್ಲಿ ಪರವಾನಗಿಯ ನಿಬಂಧನೆಗಳನ್ನು ಪ್ರಕಟಿಸಿತು. ೨೦೦೩ರ ಅಕ್ಟೋಬರಿನಲ್ಲಿ ಡಿಶ್ ಟಿ.ವಿ., ೨೦೦೪ರ ಡಿಸೆಂಬರಿನಲ್ಲಿ ದೂರದರ್ಶನದ ಚಂದಾರಹಿತವಾದ ಡಿ.ಡಿ. ಡೈರೆಕ್ಟ್ ಪ್ಲಸ್ (ಈಗಿನ ಡಿ.ಡಿ. ಫ್ರೀ ಡಿಶ್), ೨೦೦೬ರಲ್ಲಿ ಟಾಟಾ ಸ್ಕೈ, ಹೀಗೆ ಒಂದರಮೇಲೊಂದು ಬಂದುವು. ಪರವಾನಗಿಯಲ್ಲಿ ಎರಡು ಮಾತುಗಳು ಮುಖ್ಯ. ವಾಹಿನಿಗಳವರಲ್ಲಿ ಭೇದವೆಣಿಸದೆ ಅವಕಾಶಕೊಡತಕ್ಕದ್ದು. ಪ್ರಸಾರಭಾರತಿಯ ವಾಹಿನಿಗಳನ್ನು, ಬೇರೆ ಯಾರಿಗಾದರೂ ಕೊಟ್ಟಿರುವ ಷರತ್ತುಗಳಲ್ಲಿ ಅತ್ಯಂತ ಅನುಕೂಲವಾದುದರ ಮೇಲೆ ಒಯ್ಯತಕ್ಕದ್ದು. ಯಾವ ಊರಿನವನು ಯಾವ ಊರಿನ ವಾಹಿನಿಯನ್ನು ನೋಡಬಾರದೆಂಬ ಮಾತು ಎಲ್ಲಿಯೂ ಇಲ್ಲ.

ಈ ಮೌನದ ಬೆಲೆಯು ಅಮೆರಿಕದ ಪದ್ಧತಿಯನ್ನು ನೋಡಿದಾಗ ತಿಳಿಯುತ್ತದೆ. ಆ ದೇಶದಲ್ಲಿ ಊರೂರಿಗೆ ಪ್ರತ್ಯೇಕವಾದ ನಿಲಯಗಳುಂಟು. ದೊಡ್ಡ ಜಾಲವೊಂದರ ನಾಟಕವೇ ಎಲ್ಲ ಕಡೆ ನಡೆದರೂ ನಡುನಡುವಿನ ವಾರ್ತೆಯೂ ಜಾಹೀರಾತೂ ಆಯಾ ಊರಿನವು. ಉಪಗ್ರಹದಿಂದ ದೂರದ ಊರಿನ ನಿಲಯವು ಬಂದರೆ ಹತ್ತಿರದ ನಿಲಯದ ಜಾಹೀರಾತಿನ ಆದಾಯವು ಕೆಡುವುದೆಂಬ ಕಾರಣದಿಂದ ೧೯೮೮ರ ಶಾಸನವು, ಮಾಳಿಗೆಯ ಆಂಟೆನಾದಿಂದ ತನ್ನೂರಿನ ನಿಲಯವನ್ನು ಹಿಡಿಯಲಾರದ ಮನೆಗೆ ಮಾತ್ರ ದೂರದ ನಿಲಯವನ್ನು ಕೊಡಬಹುದೆಂದು ಕಟ್ಟುಮಾಡಿತು. ೧೯೯೯ರ ಶಾಸನವು ಊರಿನ ನಿಲಯಗಳನ್ನು ಆ ಊರಿನ ಚಂದಾದಾರರಿಗೆ ಉಪಗ್ರಹದಿಂದಲೇ ಕೊಡುವುದಕ್ಕೆ ಅನುಮತಿಯಿತ್ತಿತು. ೨೦೦೨ರ ಜನವರಿ ೧ರಿಂದ, ಹಾಗೆ ಒಂದನ್ನು ಒಯ್ದವನು ಕೇಳಿಕೊಂಡ ಮಿಕ್ಕವನ್ನೂ ಒಯ್ಯಬೇಕೆಂಬ ನಿಯಮವು ಸೇರಿತು. ದೇಶವನ್ನು ೨೧೦ ಮಾರುಕಟ್ಟೆಗಳಾಗಿ ವಿಭಾಗಿಸಿ, ಚಂದಾದಾರನ ವಿಳಾಸವು ಯಾವುದರೊಳಗೆ ಬೀಳುವುದೋ ಅದರ ನಿಲಯಗಳೇ ಅವನಿಗೆ ಎಂಬುದು ಅಲ್ಲಿಯ ಸ್ಥೂಲವಾದ ವ್ಯವಸ್ಥೆ. ಇದು ಸ್ಪಷ್ಟವಾಗಿ ಪರಿಸಂಖ್ಯೆ: ಉಪಗ್ರಹದಲ್ಲಿ ಎಲ್ಲವೂ ಏಕಕಾಲಕ್ಕೆ ಪ್ರಾಪ್ತವಾಗಿರುವಾಗ ಕೆಲವಲ್ಲದೆ ಮಿಕ್ಕವನ್ನು ಹೊರಗಿಡುವುದು.

ಪರಿಸಂಖ್ಯೆಗೆ ಶ್ರುತಹಾನಿ, ಅಶ್ರುತಕಲ್ಪನೆ, ಪ್ರಾಪ್ತಬಾಧ ಎಂಬ ಮೂರು ದೋಷಗಳನ್ನು ಮೀಮಾಂಸಕರು ಹೇಳುವರು. ಲೌಗಾಕ್ಷಿಭಾಸ್ಕರನ ಅರ್ಥಸಂಗ್ರಹವನ್ನು ಓದಿದವರಿಗೆ, ನಿವೃತ್ತಿಯನ್ನು ಬಾಯ್ಬಿಟ್ಟು ಹೇಳಿದ ಶ್ರೌತೀ ಪರಿಸಂಖ್ಯೆಗೂ ಲಕ್ಷಣೆಯಿಂದ ತಿಳಿಯಬೇಕಾದುದಕ್ಕೂ ಇರುವ ಭೇದವು ನೆನಪಿರಬಹುದು. ಅಮೆರಿಕದ ಶಾಸನವು ಬಾಯ್ಬಿಟ್ಟೇ ಹೇಳುವುದರಿಂದ ಶಬ್ದಗತವಾದ ಮೊದಲಿನ ಎರಡು ದೋಷಗಳು ತಟ್ಟುವುದಿಲ್ಲ. ಅರ್ಥಗತವಾದ ಪ್ರಾಪ್ತಬಾಧವು ಮಾತ್ರ ಪೂರ್ಣವಾಗಿ ತಟ್ಟುತ್ತದೆ. ಕೈಗೆ ಬಂದಿದ್ದುದು ತಪ್ಪಿತು. ಇದರ ಕಹಿಯನ್ನು ಉಂಡವರಲ್ಲಿ ಕೊಲೊರಾಡೊ ರಾಜ್ಯದ ಲಾ ಪ್ಲಾಟಾ ಕೌಂಟಿಯವರು ಒಬ್ಬರು. ಅವರ ಕೌಂಟಿಯನ್ನು ನೆರೆಯ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಮಾರುಕಟ್ಟೆಗೆ ಸೇರಿಸಿದ್ದುದರಿಂದ, ತಮ್ಮ ರಾಜಧಾನಿ ಡೆನ್ವರಿನ ವಾರ್ತೆಯನ್ನು ಬಿಟ್ಟು ಪರರಾಜ್ಯದ ವಾರ್ತೆಯನ್ನು ನೋಡಬೇಕಾಗಿ ಬಂದಿತು. ೨೦೧೪ರ ಶಾಸನವು ಇಂಥ ಮಾರುಕಟ್ಟೆಗಳ ಎಲ್ಲೆಯನ್ನು ಉಪಗ್ರಹದ ವಿಷಯದಲ್ಲಿಯೂ ಮಾರ್ಪಡಿಸಿಕೊಳ್ಳುವಂತೆ ಬೇಡಿಕೊಳ್ಳಲು ದಾರಿಮಾಡಿಕೊಟ್ಟಿತು. ಕಾಸರಗೋಡಿನ ಪ್ರಶ್ನೆಯನ್ನು ಬಲ್ಲವರಿಗೆ ಈ ಕಥೆಯು ಹೊಸದಾಗಿ ಕಾಣದು. ಆದರೆ ಅಲ್ಲಿ ಎರಡು ಕಡೆಯೂ ಭಾಷೆಯೊಂದೇ. ಇಲ್ಲಿ ಭಾಷೆಯೇ ಬೇರೆ.

ಹಾಗಾದರೆ ಭಾರತದಲ್ಲಿ ಊರಿನ ಗಡಿಯನ್ನು ನೋಡಿ ಹೊರಗಿಡುವ ಪರಿಸಂಖ್ಯೆ ಇಲ್ಲವೆಂದಮೇಲೆ ವಿಜಯನಗರದ ಡಿಶ್ಶಿನ ಮನೆಗೆ ವಿಜಯನಗರದ ವಾಹಿನಿಯು ಏಕೆ ಬಾರದು? ಮೊದಲ ಕಾರಣವು ಯಂತ್ರದ್ದು. ನಮ್ಮ ಡಿಶ್ ಸಂಸ್ಥೆಗಳ ತರಂಗವು ಸಾಮಾನ್ಯವಾಗಿ ದೇಶವನ್ನೆಲ್ಲ ಒಂದೇ ಛತ್ರದಂತೆ ಮುಚ್ಚುತ್ತದೆ. ಅಮೆರಿಕದವರು ಒಂದೊಂದು ಸೀಮೆಗೆ ಬೇರೆಬೇರೆ ಕಿರಣವನ್ನು ಬಿಡುವ ಉಪಗ್ರಹಗಳನ್ನು ಹಾರಿಸಿಕೊಂಡರು. ಒಂದು ಬಡಾವಣೆಯ ವಾಹಿನಿಯನ್ನು ಇಲ್ಲಿ ಮೇಲಕ್ಕೇರಿಸಿದರೆ ಅದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸ್ಥಳವನ್ನು ಆಕ್ರಮಿಸಿ, ಒಂದು ವಾರ್ಡಿನ ಜನಕ್ಕೆ ಮಾತ್ರ ಉಪಯೋಗವಾಗುತ್ತದೆ. ಉಪಗ್ರಹದಲ್ಲಿ ಸ್ಥಳವೆಂಬುದು ಹೊನ್ನಿನ ತೂಕದ ಪದಾರ್ಥ. (ಇನ್ಸಾಟ್, ಜಿಸಾಟ್ ಉಪಗ್ರಹಗಳನ್ನು ಹಾಸನದ ನಿಯಂತ್ರಣ ಕೇಂದ್ರದಿಂದ ನಡೆಸುವರು, ದೇಶವನ್ನೆಲ್ಲ ಮುಚ್ಚುವ ಛತ್ರದ ಹಿಡಿಯು ಕನ್ನಡನಾಡಿನಲ್ಲಿದ್ದರೂ ಕನ್ನಡದ ಬೀದಿಗೆ ಅದರ ನೆರಳು ಬೀಳದಿರುವುದು ವಿಚಿತ್ರವೇ.)

ಎರಡನೆಯ ಕಾರಣವು ಅಧಿಕಾರದ್ದು. ಇಲ್ಲಿ ಅಧಿಕಾರವೆಂದರೆ ಮೀಮಾಂಸಕರ ಅರ್ಥದಲ್ಲಿ, ಕರ್ಮವನ್ನು ಮಾಡುವ ಯೋಗ್ಯತೆ. ಮಂತ್ರಾಲಯದ ಅನುಮತಿಯನ್ನು ಪಡೆದ ವಾಹಿನಿಗಳನ್ನು ಮಾತ್ರ ಡಿಶ್ಶಿನವರು ಒಯ್ಯಬಹುದು. ಕೇಬಲ್ಲಿನವನು ತನ್ನ ಕಚೇರಿಯಲ್ಲಿ ಒಂದು ಕ್ಯಾಮೆರವನ್ನೂ ಒಂದು ಗಣಕವನ್ನೂ ಇಟ್ಟುಕೊಂಡು ನಡೆಸುವ ಊರಿನ ವಾಹಿನಿಗೆ ಅಂಥ ಅನುಮತಿಯಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದುದರಿಂದ ಅದನ್ನು ಯಾರೂ ನಿಷೇಧಿಸದಿದ್ದರೂ ಅದು ತಂತಿಯನ್ನು ಬಿಟ್ಟು ಆಕಾಶಕ್ಕೆ ಏರಲಾರದಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೪ರ ನವೆಂಬರಿನಲ್ಲಿ ಇಂಥ ವಾಹಿನಿಗಳನ್ನು ಕುರಿತು ಶಿಫಾರಸುಗಳನ್ನು ಮಾಡಿ, ಅವಕ್ಕೆ ‘ಪ್ಲಾಟ್‌ಫಾರಂ ಸೇವೆ’ ಎಂದು ಹೆಸರಿಟ್ಟಿತು; ಹಂಚುವವನು ತನ್ನ ಚಂದಾದಾರರಿಗೆ ಮಾತ್ರ ಒದಗಿಸುವ ಕಾರ್ಯಕ್ರಮವೆಂಬುದು ಅದರ ಲಕ್ಷಣ. ರೈಲ್ವೆ ನಿಲ್ದಾಣವನ್ನು ನೆನಪಿಗೆ ತರುವ ಈ ಹೆಸರಿಗಿಂತ ಜನರು ಆಡುವ ‘ಲೋಕಲ್ ಚಾನೆಲ್’ ಎಂಬುದೇ ವಿಷಯಕ್ಕೆ ಹತ್ತಿರವಾಗಿದೆ. ವಾಹಿನಿಯೆಂಬ ಪದದ ಔಚಿತ್ಯವನ್ನೂ ಇಲ್ಲಿಯೇ ಗಮನಿಸಬಹುದು. ಚಾನೆಲ್ ಎ೦ಬುದಕ್ಕೆ ಮೂಲಾರ್ಥವು ನೀರಿನ ಕಾಲುವೆ, ವಾಹಿನಿಯೆಂದರೆ ನದಿ. ಊರಿನ ವಾಹಿನಿಯ ಮಟ್ಟಿಗೆ ಕಾಲುವೆಯೆಂದಿದ್ದರೂ ಸಾಕಾಗಿತ್ತು.

೨೦೨೨ರಲ್ಲಿ ಮಂತ್ರಾಲಯವು ಈ ಸೇವೆಗಳಿಗೆ ನಿಬಂಧನೆಗಳನ್ನು ಹೊರಡಿಸಿತು; ಕೇಬಲ್ ಸಂಸ್ಥೆಗಳಿಗೆ ಸಂಬಂಧಿಸಿದುದು ನವೆಂಬರ್ ೩೦ರದು. ಅವುಗಳ ಪ್ರಕಾರ ಇಂಥ ವಾಹಿನಿಗಳು ಸಂಸ್ಥೆಯ ಒಟ್ಟು ವಾಹಿನೀಸಾಮರ್ಥ್ಯದಲ್ಲಿ ನೂರಕ್ಕೆ ೫ನ್ನು ಮೀರಕೂಡದು. ಈ ಎಣಿಕೆಯನ್ನು ರಾಜ್ಯರಾಜ್ಯಕ್ಕೂ ಬೇರೆಯಾಗಿ ಮಾಡತಕ್ಕದ್ದು. ಅದರ ಮೇಲೆ ಜಿಲ್ಲೆಯೊಂದಕ್ಕೆ ಇನ್ನು ೫ ವಾಹಿನಿಗಳು ಇರಬಹುದು. ಒಂದೊಂದಕ್ಕೆ ನೋಂದಣಿಯ ಶುಲ್ಕವು ೧,೦೦೦ ರೂಪಾಯಿ. ಸ್ಥಳೀಯ ವಾರ್ತೆಯನ್ನು ಹೇಳುವವರು ಕಂಪೆನಿಯಾಗಿ ನೋಂದಾಯಿಸಿಕೊಂಡಿರಬೇಕು. ರಾಜ್ಯದ ಭಾಷೆಗೂ ಜಿಲ್ಲೆಯ ವಿಷಯಕ್ಕೂ ಸ್ಥಾನವನ್ನು ಕಲ್ಪಿಸಿದ ಈ ಭಾಗವು ವಿವೇಕದಿಂದ ಕೂಡಿದುದೆಂದು ಒಪ್ಪಬೇಕು. ಆದರೆ ಬೆಂಗಳೂರಿನ ಮಟ್ಟಿಗೆ ಜಿಲ್ಲೆಯೆಂಬ ಮಾನವು ಸಡಿಲವಾದುದು. ಕೆಂಗೇರಿಯ ಕೆರೆಯ ಸುದ್ದಿಗೂ ನಗರದ ಪೂರ್ವದ ತುದಿಯ ಸುದ್ದಿಗೂ ಒಂದೇ ಜಿಲ್ಲೆಯ ಐದು ವಾಹಿನಿಗಳಲ್ಲಿ ಪಾಲು ಸಿಕ್ಕಬೇಕಾಗುತ್ತದೆ.

ಇದೇ ನಿಬಂಧನೆಗಳಲ್ಲಿರುವ ಇನ್ನೊಂದು ಮಾತಿನಲ್ಲಿ ಮಾತ್ರ ನಮ್ಮ ದೇಶದ ಪರಿಸಂಖ್ಯೆಯು ಅಡಗಿ ಕುಳಿತಿದೆ. ಇಂಥ ವಾಹಿನಿಯಲ್ಲಿ ಬರುವ ವಿಷಯವು ಆ ಸಂಸ್ಥೆಗೆ ಅನನ್ಯವಾಗಿರತಕ್ಕದ್ದು, ಬೇರೊಂದು ಸಂಸ್ಥೆಯೊಡನೆ ಹಂಚಿಕೊಳ್ಳಕೂಡದು. ದೇವಸ್ಥಾನ, ಗುರುದ್ವಾರ ಮೊದಲಾದ ಧಾರ್ಮಿಕ ಸ್ಥಳಗಳಿಂದ ಬರುವ ನೇರಪ್ರಸಾರವನ್ನು ಮಾತ್ರ ಹಂಚಿಕೊಳ್ಳಬಹುದು. ಪೂಜೆಯನ್ನೇ ಹಂಚಿಕೊಳ್ಳಬಹುದೆಂದಮೇಲೆ ಬೀದಿಯ ವಾರ್ತೆ, ಶಾಲೆಯ ವಾರ್ಷಿಕೋತ್ಸವ, ಬಡಾವಣೆಯ ಸಂಘದ ಕವಿಗೋಷ್ಠಿ ಇವೆಲ್ಲ ಹೊರಗುಳಿದುವು. ದೇವಾಲಯದ ಅಂಗಳದಲ್ಲಿ ನಡೆಯುವ ಹರಿಕಥೆ, ಗಮಕವಾಚನಗಳು ಯಾವ ವರ್ಗಕ್ಕೆ ಸೇರುವುವು? ಸ್ಥಳವನ್ನು ಹಿಡಿದರೆ ಒಳಗೆ, ವಿಷಯವನ್ನು ಹಿಡಿದರೆ ಸಂದೇಹ. ವಾಕ್ಯದಲ್ಲಿರುವುದು ಸ್ಥಳವಾಚಕವಾದ ಪದವಾದುದರಿಂದ ಅವುಗಳನ್ನು ಒಳಗೆ ಸೇರಿಸಿಕೊಳ್ಳುವುದೇ ನ್ಯಾಯವೆಂದು ತೋರುತ್ತದೆ. ಅದೇ ಗಮಕವು ಎದುರಿನ ಶಾಲೆಯ ಸಭಾಂಗಣಕ್ಕೆ ಹೋದರೆ ಹಂಚಿಕೊಳ್ಳುವ ಯೋಗ್ಯತೆಯನ್ನು ಕಳೆದುಕೊಳ್ಳುತ್ತದೆ. ಡಿಶ್ ಸಂಸ್ಥೆಗಳೂ ತಮ್ಮದೇ ಆದ ಸೇವಾವಾಹಿನಿಗಳನ್ನು ನೂರಕ್ಕೆ ೫ರ ಮಿತಿಯಲ್ಲಿ ನಡೆಸಬಹುದು; ಆದರೆ ವಿಜಯನಗರದ ಕೇಬಲ್ಲಿನವನು ತೆಗೆದ ಚಿತ್ರವನ್ನು ಅವರು ಪಡೆಯುವಂತಿಲ್ಲವಾದುದರಿಂದ, ಅವರ ವಾಹಿನಿಗಳಲ್ಲಿ ಊರಿನ ಹೆಸರನ್ನು ಹೊತ್ತುದು ಸಿಕ್ಕುವುದು ದುರ್ಲಭ.

ಇನ್ನು ಬಡಾವಣೆಯದಲ್ಲದ, ನಾಡಿನದೇ ಆದ ಕನ್ನಡ ವಾಹಿನಿಗಳ ವಿಷಯ. ೨೦೧೭ರ ಮಾರ್ಚಿಯಲ್ಲಿ ಹೊರಟು ೨೦೧೯ರ ಫೆಬ್ರವರಿಯಿಂದ ಪೂರ್ಣವಾಗಿ ಆಚರಣೆಗೆ ಬಂದ ಪ್ರಾಧಿಕಾರದ ಕಟ್ಟಳೆಗಳಲ್ಲಿ ಚಂದಾದಾರನು ದೇಶದ ಯಾವ ಮೂಲೆಯ ವಾಹಿನಿಯನ್ನಾದರೂ ಬಿಡಿಯಾಗಿ ಆರಿಸಿಕೊಳ್ಳಬಹುದೆಂದಾಯಿತು. ಮೊದಲು ೧೩೦ ರೂಪಾಯಿಗೆ ನೂರು ವಾಹಿನಿಗಳು, ಆ ನೂರರಲ್ಲಿಯೇ ಕಡ್ಡಾಯದವೂ ಸೇರಿದ್ದುವು. ೨೦೨೦ರ ತಿದ್ದುಪಡಿಯಲ್ಲಿ ಅದೇ ಮೊತ್ತಕ್ಕೆ ಇನ್ನೂರಾಗಿ, ಕಡ್ಡಾಯದವು ಲೆಕ್ಕದಿಂದ ಹೊರಗಾದುವು. ೨೦೨೪ರ ಜುಲೈಯಲ್ಲಿ ಈ ಮಿತಿಯನ್ನೇ ತೆಗೆದುಹಾಕಿದರು. ನೋಡುವವನ ಕಡೆಯಿಂದ ಇದು ಉದಾರವಾದುದು. ತೋರಿಸುವವನ ಕಡೆಯಿಂದ ನೋಡಿದರೆ ಲೆಕ್ಕವು ಬೇರೆಯಾಗುತ್ತದೆ. ಹೊಸ ವಾಹಿನಿಯೊಂದು ತನ್ನನ್ನು ಒಯ್ಯಬೇಕೆಂದು ಕೇಳಿಕೊಂಡರೆ, ಹಂಚುವವನು ಚಂದಾದಾರನೊಬ್ಬನಿಗೆ ತಿಂಗಳಿಗೆ ೨೦ ಪೈಸೆಯವರೆಗೆ ಸಾಗಣೆಯ ಶುಲ್ಕವನ್ನು ಕೇಳಬಹುದು. ಚಂದಾದಾರರಲ್ಲಿ ನೂರಕ್ಕೆ ೫ಕ್ಕಿಂತ ಹೆಚ್ಚು ಮಂದಿ ಆ ವಾಹಿನಿಯನ್ನು ಆರಿಸಿಕೊಂಡಂತೆಲ್ಲ ಶುಲ್ಕವು ಇಳಿದು, ೨೦ನ್ನು ಮುಟ್ಟಿದರೆ ಇಲ್ಲವಾಗುತ್ತದೆ. ಕರ್ನಾಟಕದಲ್ಲಿ ಮಾತ್ರ ತಂತಿಯೆಳೆದ ಕೇಬಲ್ ಸಂಸ್ಥೆಯಲ್ಲಿ ಒಳ್ಳೆಯ ಕನ್ನಡ ವಾಹಿನಿಯು ಈ ೨೦ನ್ನು ಮುಟ್ಟುವುದು ಅಸಾಧ್ಯವೇನೂ ಅಲ್ಲ. ಡಿಶ್ ಸಂಸ್ಥೆಯು ದೇಶವನ್ನೆಲ್ಲ ಒಂದೇ ಗುರಿಕ್ಷೇತ್ರವೆಂದು ಎಣಿಸಿದ ಪಕ್ಷದಲ್ಲಿ ಸಂಗತಿಯೇ ಬೇರೆ. ೨೦೧೧ರ ಜನಗಣತಿಯಲ್ಲಿ ಕನ್ನಡವು ಮಾತೃಭಾಷೆಯೆಂದು ಬರೆಸಿದವರು ಸುಮಾರು ೪.೩೭ ಕೋಟಿ, ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ೩.೬. ಚಂದಾದಾರರಲ್ಲಿಯೂ ಇದೇ ಪ್ರಮಾಣವೆಂದು ಇಟ್ಟುಕೊಂಡರೆ, ಕನ್ನಡಿಗರೆಲ್ಲರೂ ಒಬ್ಬರು ಬಿಡದಂತೆ ಆರಿಸಿಕೊಂಡರೂ ಮೊದಲ ಮೆಟ್ಟಿಲಾದ ೫ನ್ನು ಕೂಡ ಮುಟ್ಟಲಾಗದು. ಒಂದು ಕೋಟಿ ಚಂದಾದಾರರುಳ್ಳ ಸಂಸ್ಥೆಗೆ ೨೦ ಪೈಸೆಯಂತೆ ತಿಂಗಳಿಗೆ ೨೦ ಲಕ್ಷ ರೂಪಾಯಿ. ಕನ್ನಡವನ್ನೇ ಅರಿಯದ ಊರುಗಳ ತಲೆಯೆಣಿಕೆಗೂ ಕನ್ನಡದ ವಾಹಿನಿಯು ಕಪ್ಪವನ್ನು ಸಲ್ಲಿಸಬೇಕು. ಈ ಅನ್ಯಾಯವು ಪ್ರಾಧಿಕಾರದ ಕಣ್ಣಿಗೂ ಬಿದ್ದಿರಬೇಕು. ೨೦೨೦ರ ತಿದ್ದುಪಡಿಯಲ್ಲಿ ಒಂದು ವಾಹಿನಿಯು ಒಂದು ಸಂಸ್ಥೆಗೆ ತಿಂಗಳಿಗೆ ೪ ಲಕ್ಷ ರೂಪಾಯಿಗಿಂತ ಹೆಚ್ಚು ಕೊಡಬೇಕಾಗಿಲ್ಲವೆಂದು ಮಿತಿಯನ್ನು ಹಾಕಿದರು. ಹಿಂದಿಗೂ ಕನ್ನಡಕ್ಕೂ ಮಿತಿಯೊಂದೇ ಆದುದರಿಂದ ಪ್ರಮಾಣದ ತಾರತಮ್ಯವೇನೋ ಹಾಗೆಯೇ ಉಳಿಯಿತು. ಚಂದಾ ಇಲ್ಲದ ಡಿ.ಡಿ. ಫ್ರೀ ಡಿಶ್ಶಿನಲ್ಲಿ ಖಾಸಗಿಯವರಿಗೆ ಸ್ಥಾನಗಳನ್ನು ಹರಾಜಿನಿಂದ ಕೊಡುವರು. ಹರಾಜಿನಲ್ಲಿ ಗೆಲ್ಲುವುದು ಹೆಚ್ಚು ಜನವುಳ್ಳ ಭಾಷೆಯೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲಿ ಚಂದನವಿರುವುದು ಹರಾಜಿನಿಂದಲ್ಲ, ದೂರದರ್ಶನದ್ದೆಂಬ ಸಂಬಂಧದಿಂದ.

ಸಂಶೋಧಕರಿಗೆ ಸಂಬಂಧಿಸಿದ ಅಂಶವೊಂದು ಉಳಿದಿದೆ. ೧೯೪೯ರಲ್ಲಿ ಕಾರ್ಖಾನೆಗಳ ಉಪನಗರವಾಗಿ ಹುಟ್ಟಿದ ರಾಜಾಜಿನಗರಕ್ಕೆ ನಾಡಿನ ನಾನಾ ಜಿಲ್ಲೆಗಳಿಂದ ಬಂದು ನೆಲಸಿದವರ ಕನ್ನಡವು ಎರಡು ಮೂರು ತಲೆಮಾರುಗಳಲ್ಲಿ ಹೇಗೆ ಬೆರೆತು ಹೇಗೆ ಮಾರ್ಪಟ್ಟಿತೆಂಬುದಕ್ಕೆ ಅಚ್ಚಾದ ಪುಸ್ತಕಗಳಲ್ಲಿ ಸಾಕ್ಷ್ಯವು ಅತ್ಯಲ್ಪ. ಊರಿನ ವಾಹಿನಿಯಲ್ಲಿ ನೀರಿನ ಕೊಳಾಯಿಯ ಬಳಿ ನಿಂತು ದೂರುಹೇಳುವ ಹೆಂಗಸಿನ ಮಾತು, ಗಣೇಶನ ಪೆಂಡಾಲಿನ ಭಾಷಣ, ಕಾಣೆಯಾದವರ ಪ್ರಕಟನೆಯ ಒಕ್ಕಣೆ, ಇವೇ ಅದಕ್ಕೆ ಮೂಲಸಾಮಗ್ರಿ. ೧೯೫೪ರ ಗ್ರಂಥಸಮರ್ಪಣದ ಅಧಿನಿಯಮದಂತೆ ರಾಜಾಜಿನಗರದಲ್ಲಿ ಪ್ರಕಟವಾದ ಜಾತ್ರೆಯ ಹಾಡಿನ ಪುಸ್ತಕದ ಪ್ರತಿಯೊಂದನ್ನು ಪ್ರಕಾಶಕನು ೩೦ ದಿನಗಳೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಇನ್ನು ಮೂರು ಗ್ರಂಥಾಲಯಗಳಿಗೆ ಒಂದೊಂದನ್ನೂ ಒಪ್ಪಿಸಬೇಕು. ಅದೇ ಜಾತ್ರೆಯನ್ನು ತೋರಿಸಿದ ವಾಹಿನಿಯು ಯಾರಿಗೂ ಏನನ್ನೂ ಒಪ್ಪಿಸಬೇಕಾಗಿಲ್ಲ. ೨೦೨೨ರ ನಿಬಂಧನೆಗಳಲ್ಲಿ ಅದರ ಮುದ್ರಿಕೆಯನ್ನು ಇಟ್ಟುಕೊಂಡಿರಬೇಕೆಂದು ಹೇಳಿದೆ. ತಪ್ಪೇನಾದರೂ ನಡೆದರೆ ಸರ್ಕಾರವು ತರಿಸಿ ನೋಡುವುದಕ್ಕೆ. ಅವಧಿಯು ೯೦ ದಿನ.